ಮನೆಯ ಕಂಪ್ಯೂಟರ್‌ನ ಎಸ್‌ಎಂಪಿಎಸ್ ಪರೀಕ್ಷೆ: ಒಂದು ತಪ್ಪು ತೀರ್ಮಾನ, ಎರಡು ಪಾಠ

ಪೀಠಿಕೆ

ಅಭ್ಯಾಸ ಬೋಧನೆಯಲ್ಲಿ ನನಗೆ ಹಂಚಿಕೆಯಾದದ್ದು ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಘಟಕ. ವಿಭವಾಂತರ, ವಿದ್ಯುತ್ ಪ್ರವಾಹ, ರೋಧ, ಸಾಮರ್ಥ್ಯ ಈ ನಾಲ್ಕು ಪರಿಕಲ್ಪನೆಗಳನ್ನು ಎರಡು ಒಣಕೋಶ ಮತ್ತು ಒಂದು ಟಾರ್ಚ್ ಬಲ್ಬಿನಿಂದ ಕಲಿಸಬಹುದು ಎಂದು ಪಾಠಯೋಜನೆ ಬರೆದು ಮುಗಿಸಿದ್ದೆ. ಅದೇ ವಾರ ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಕೆಟ್ಟಿತು. ಅದನ್ನು ಪರೀಕ್ಷಿಸಲು ಹೋಗಿ ಭೌತಶಾಸ್ತ್ರದ ಪದವೀಧರೆಯಾದ ನಾನು ಒಂದು ತಪ್ಪು ಮಾಡಿದೆ. ಆ ತಪ್ಪನ್ನು ತಿದ್ದಿಕೊಂಡದ್ದನ್ನೇ ತರಗತಿಗೆ ಒಯ್ದಾಗ ಅಲ್ಲಿ ಇನ್ನೊಂದು ತಪ್ಪು ಮಾಡಿದೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು. ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಎರಡನ್ನೂ ಇಲ್ಲಿ ಕ್ರಮವಾಗಿ ದಾಖಲಿಸಿದ್ದೇನೆ.

ಸಮಸ್ಯೆಯ ಹಿನ್ನೆಲೆ

ನಮ್ಮ ತಂದೆ ತಾಲ್ಲೂಕು ಕಚೇರಿಯ ಎದುರಿನ ಸಣ್ಣ ಕೊಠಡಿಯಲ್ಲಿ ಅರ್ಜಿ, ಕರಾರುಪತ್ರಗಳನ್ನು ಟೈಪ್ ಮಾಡಿಕೊಡುತ್ತಾರೆ. ಮನೆಯ ದಿನದ ಖರ್ಚು ನಡೆಯುವುದು ಆ ಒಂದು ಕಂಪ್ಯೂಟರ್‌ನಿಂದ. ಕೆಲವು ದಿನಗಳಿಂದ ಬೆಳಿಗ್ಗೆ ಗುಂಡಿ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ನಾಲ್ಕೈದು ಬಾರಿ ಒತ್ತಿದ ಮೇಲೆ ಶುರುವಾಗುತ್ತಿತ್ತು. ಶುರುವಾದರೂ ಕೆಲಸದ ನಡುವೆ ಇದ್ದಕ್ಕಿದ್ದಂತೆ ಆರಿಹೋಗುತ್ತಿತ್ತು. ದುರಸ್ತಿಯವರೊಬ್ಬರು ನೋಡಿ, ಮದರ್‌ಬೋರ್ಡ್ ಹೋಗಿದೆ, ಇಷ್ಟು ಹಳೆಯದಕ್ಕೆ ಬೋರ್ಡ್ ಸಿಗುವುದಿಲ್ಲ, ಹೊಸದನ್ನೇ ಕೊಳ್ಳಿ ಎಂದರು. ಅವರು ಹೇಳಿದ ಮೊತ್ತ 18 ಸಾವಿರ ರೂಪಾಯಿ. ತಂದೆ ಸಾಲಕ್ಕೆ ಯಾರನ್ನು ಕೇಳುವುದೆಂದು ಯೋಚಿಸತೊಡಗಿದರು.

‘ಒಂದು ದಿನ ತಡೆಯಿರಿ, ಮೊದಲು ಪವರ್ ಸಪ್ಲೈ ನೋಡುತ್ತೇನೆ’ ಎಂದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು.

ಎಸ್‌ಎಂಪಿಎಸ್ ಎಂದರೇನು?

ಕಂಪ್ಯೂಟರ್ ಪೆಟ್ಟಿಗೆಯ ಹಿಂಭಾಗದಲ್ಲಿ, ಗೋಡೆಯಿಂದ ಬರುವ ತಂತಿ ಸೇರುವ ಕಡೆ ಒಂದು ಲೋಹದ ಡಬ್ಬಿ ಇರುತ್ತದೆ. ಅದೇ ವಿದ್ಯುತ್ ಪೂರೈಕೆ ಘಟಕ. ವಾಡಿಕೆಯಲ್ಲಿ ಎಲ್ಲರೂ ಎಸ್‌ಎಂಪಿಎಸ್ ಎನ್ನುತ್ತಾರೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ಪರ್ಯಾಯ ವಿದ್ಯುತ್. ಕಂಪ್ಯೂಟರ್‌ಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್. ಘಟಕವು ಮೊದಲು ಪರ್ಯಾಯ ವಿದ್ಯುತ್ತನ್ನು ಏಕಮುಖಗೊಳಿಸಿ ದೊಡ್ಡ ಧಾರಕಗಳಲ್ಲಿ ತುಂಬಿಸುತ್ತದೆ. ಆ ಹಂತದಲ್ಲಿ ವಿಭವ ಸುಮಾರು 325 ವೋಲ್ಟ್, ಅಂದರೆ 230ರ 1.414 ಪಟ್ಟು. ಆಮೇಲೆ ಟ್ರಾನ್ಸಿಸ್ಟರ್‌ಗಳು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್‌ಗೆ ಕೊಡುತ್ತವೆ. ಆವೃತ್ತಿ ಹೆಚ್ಚಾದ್ದರಿಂದಲೇ ಟ್ರಾನ್ಸ್‌ಫಾರ್ಮರ್ ಇಷ್ಟು ಚಿಕ್ಕದಾಗಲು ಸಾಧ್ಯ. ಅಲ್ಲಿಂದ ಇಳಿದ ವಿದ್ಯುತ್ತನ್ನು ಮತ್ತೆ ಏಕಮುಖಗೊಳಿಸಿ, ಸೋಸಿ ಹೊರಗೆ ಕಳುಹಿಸುತ್ತದೆ.

ಈಗಿನ ಡೆಸ್ಕ್‌ಟಾಪ್‌ಗಳ ಜೋಡಣೆಗೆ ಆಧಾರವಾದ ಎಟಿಎಕ್ಸ್ ಮಾನಕವನ್ನು ಇಂಟೆಲ್ ಕಂಪನಿ 1995ರಲ್ಲಿ ರೂಪಿಸಿತು. ಅದರಲ್ಲಿ ತಂತಿಯ ಬಣ್ಣವೇ ಗುರುತು. ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಕಿತ್ತಳೆ 3.3 ವೋಲ್ಟ್, ನೀಲಿ ಋಣ 12 ವೋಲ್ಟ್, ಕಪ್ಪು ಸೊನ್ನೆ. ನೇರಳೆ ತಂತಿಯಲ್ಲಿ, ಕಂಪ್ಯೂಟರ್ ಆರಿದ್ದರೂ, ಗೋಡೆಯ ಸ್ವಿಚ್ ಹಾಕಿದ್ದರೆ ಸಾಕು, 5 ವೋಲ್ಟ್ ಇರುತ್ತದೆ. ಬೂದು ತಂತಿ ‘ಎಲ್ಲ ಸರಿಯಿದೆ’ ಎಂದು ಮದರ್‌ಬೋರ್ಡ್‌ಗೆ ತಿಳಿಸುವ ಸಂಕೇತ. ಒಂದೇ ಒಂದು ಹಸಿರು ತಂತಿ ಇರುತ್ತದೆ. ಅದು ಘಟಕವನ್ನು ಚಾಲೂ ಮಾಡುವ ಆಜ್ಞೆಯ ತಂತಿ.

ಹಸಿರು ತಂತಿಯ ಕೆಲಸ ತಿಳಿದಾಗ ನನಗೇ ಒಂದು ಹೊಸ ವಿಷಯ ಹೊಳೆಯಿತು. ಕಂಪ್ಯೂಟರ್‌ನ ಮುಂದಿನ ಗುಂಡಿ ಮನೆಯ ದೀಪದ ಸ್ವಿಚ್ಚಿನಂತೆ ಮಂಡಲವನ್ನು ನೇರವಾಗಿ ಕೂಡಿಸುವುದಿಲ್ಲ. ಗುಂಡಿ ಮದರ್‌ಬೋರ್ಡ್‌ಗೆ ಹೇಳುತ್ತದೆ, ಮದರ್‌ಬೋರ್ಡ್ ಹಸಿರು ತಂತಿಯ ವಿಭವವನ್ನು ಸೊನ್ನೆಯ ಹತ್ತಿರಕ್ಕೆ ಇಳಿಸುತ್ತದೆ, ಆಗ ಘಟಕ ಎಚ್ಚರಗೊಳ್ಳುತ್ತದೆ. ಹಾಗಾಗಿ ಮದರ್‌ಬೋರ್ಡ್ ಇಲ್ಲದೆಯೂ ಹಸಿರನ್ನು ಕಪ್ಪಿಗೆ ಜೋಡಿಸಿದರೆ ಘಟಕ ಚಾಲೂ ಆಗುತ್ತದೆ. ಮನೆಯ ಪರೀಕ್ಷೆ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಮೊದಲ ಪರೀಕ್ಷೆ: ಹೊರೆಯಿಲ್ಲದೆ

ಅನುಸರಿಸಿದ ಕ್ರಮ ಹೀಗಿತ್ತು.

1. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗನ್ನು ಪೂರ್ತಿ ಹೊರಗೆಳೆದೆ.
2. ಘಟಕದಿಂದ ಮದರ್‌ಬೋರ್ಡ್, ಹಾರ್ಡ್‌ಡಿಸ್ಕ್ ಮುಂತಾದ ಎಲ್ಲ ಭಾಗಗಳಿಗೆ ಹೋಗುವ ಕನೆಕ್ಟರ್‌ಗಳನ್ನು ಬಿಡಿಸಿದೆ. ಘಟಕದ ಡಬ್ಬಿಯನ್ನು ಮಾತ್ರ ಬಿಚ್ಚಲಿಲ್ಲ.
3. 24 ಪಿನ್ನಿನ ದೊಡ್ಡ ಕನೆಕ್ಟರ್‌ನಲ್ಲಿ, ಕೊಂಡಿ ಇರುವ ಸಾಲಿನ ನಾಲ್ಕನೆಯದಾದ ಹಸಿರು ತಂತಿಯನ್ನು ಗುರುತಿಸಿದೆ. ಅದರ ಎರಡೂ ಪಕ್ಕ ಕಪ್ಪು ತಂತಿಗಳಿರುತ್ತವೆ. ಹಸಿರು ಮತ್ತು ಪಕ್ಕದ ಕಪ್ಪು ರಂಧ್ರಗಳಿಗೆ ಹೊದಿಕೆಯುಳ್ಳ ತಂತಿಯ ತುಂಡೊಂದರ ಎರಡು ತುದಿ ಸೇರಿಸಿದೆ.
4. ಮಲ್ಟಿಮೀಟರ್‌ನ ಕಪ್ಪು ಕಡ್ಡಿಯನ್ನು ‘ಕಾಮನ್’ ರಂಧ್ರಕ್ಕೆ, ಕೆಂಪು ಕಡ್ಡಿಯನ್ನು ವೋಲ್ಟ್ ರಂಧ್ರಕ್ಕೆ ಹಾಕಿ, ನೇರ ವಿದ್ಯುತ್ತಿನ 20 ವೋಲ್ಟ್ ವ್ಯಾಪ್ತಿಗೆ ತಿರುಗಿಸಿದೆ. ಕೆಂಪು ಕಡ್ಡಿ 10 ಆಂಪಿಯರ್ ರಂಧ್ರದಲ್ಲಿದ್ದರೆ ಮೀಟರ್ ಬರಿಯ ತಂತಿಯಂತೆ ವರ್ತಿಸಿ ಶಾರ್ಟ್ ಆಗುತ್ತದೆ. ಆದ್ದರಿಂದ ಇದನ್ನು ಎರಡು ಬಾರಿ ನೋಡಿದೆ.
5. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಗೋಡೆಯ ಸ್ವಿಚ್ ಹಾಕಿದೆ.

ಫ್ಯಾನ್ ತಿರುಗಿತು. ಹಳದಿಯಲ್ಲಿ 12.11, ಕೆಂಪಿನಲ್ಲಿ 5.06, ಕಿತ್ತಳೆಯಲ್ಲಿ 3.34, ನೇರಳೆಯಲ್ಲಿ 5.02 ವೋಲ್ಟ್ ಬಂದವು. ನೀಲಿಯಲ್ಲಿ ಋಣ 11.8. ಬೂದು ತಂತಿಯಲ್ಲಿ 4.9.

ಮಾನಕದ ಪ್ರಕಾರ 12, 5 ಮತ್ತು 3.3 ವೋಲ್ಟ್‌ಗಳಲ್ಲಿ ಶೇ. 5ರಷ್ಟು ಏರಿಳಿತಕ್ಕೆ ಅವಕಾಶವಿದೆ. ಅಂದರೆ 12 ವೋಲ್ಟಿನ ತಂತಿ 11.40ರಿಂದ 12.60ರ ನಡುವೆ, 5 ವೋಲ್ಟಿನದು 4.75ರಿಂದ 5.25ರ ನಡುವೆ, 3.3 ವೋಲ್ಟಿನದು ಸುಮಾರು 3.14ರಿಂದ 3.47ರ ನಡುವೆ ಇರಬೇಕು. ಋಣ 12ಕ್ಕೆ ಶೇ. 10. ನನ್ನ ಅಳತೆಗಳೆಲ್ಲ ಮಿತಿಯೊಳಗೇ ಇದ್ದವು.

‘ಪವರ್ ಸಪ್ಲೈ ಚೆನ್ನಾಗಿದೆ, ಅವರು ಹೇಳಿದ್ದೇ ಸರಿ, ಬೋರ್ಡೇ ಹೋಗಿರಬೇಕು’ ಎಂದು ತಂದೆಗೆ ಹೇಳಿಬಿಟ್ಟೆ. ಮಗಳು ಮೀಟರ್ ಹಿಡಿದು ಹೇಳಿದ ಮಾತು ಎಂದು ಅವರು ನಂಬಿದರು.

ತಪ್ಪು ತಿಳಿದ ಬಗೆ

ಆ ರಾತ್ರಿ ಪಾಠಯೋಜನೆಯ ‘ಪೂರ್ವಜ್ಞಾನ ಪರೀಕ್ಷೆ’ಗೆ ಪ್ರಶ್ನೆ ಬರೆಯುತ್ತಿದ್ದೆ. ‘ಹಳೆಯ ಟಾರ್ಚ್ ಕೋಶವನ್ನು ಮೀಟರ್‌ನಲ್ಲಿ ಅಳೆದರೆ 1.4 ವೋಲ್ಟ್ ತೋರಿಸುತ್ತದೆ, ಬಲ್ಬಿಗೆ ಹಾಕಿದರೆ ಮಂಕಾಗಿ ಉರಿಯುತ್ತದೆ. ಏಕೆ?’ ಎಂಬುದು ಮೂರನೇ ಪ್ರಶ್ನೆ. ಉತ್ತರ ನನಗೆ ಪಿಯುಸಿಯಿಂದಲೇ ಗೊತ್ತು. ಮೀಟರ್ ಎಳೆದುಕೊಳ್ಳುವ ಪ್ರವಾಹ ತೀರಾ ಅಲ್ಪ, ಬಲ್ಬ್ ಎಳೆದುಕೊಳ್ಳುವುದು ಅದಕ್ಕಿಂತ ಎಷ್ಟೋ ಹೆಚ್ಚು. ಪ್ರವಾಹ ಹರಿಯತೊಡಗಿದಾಗ ಮಾತ್ರ ಕೋಶದ ನಿಜವಾದ ಶಕ್ತಿ ಗೊತ್ತಾಗುತ್ತದೆ. ಪ್ರಶ್ನೆ ಬರೆದು ಮುಗಿಸುವಷ್ಟರಲ್ಲಿ ಸಂಜೆ ನಾನು ಮಾಡಿದ್ದೇನು ಎಂಬುದು ಅರಿವಿಗೆ ಬಂತು. ಘಟಕದ ಮೇಲೆ ಯಾವ ಹೊರೆಯನ್ನೂ ಹಾಕದೆ ಅದು ಹೊರೆ ಹೊರುತ್ತದೆ ಎಂದು ಪ್ರಮಾಣಪತ್ರ ಕೊಟ್ಟಿದ್ದೆ. ಕೊಟ್ಟಿಗೆಯಲ್ಲಿ ನಿಂತ ಎತ್ತನ್ನು ನೋಡಿ ಉಳುಮೆಯ ಬಲ ಹೇಳಿದಂತಾಗಿತ್ತು.

ಪದವಿ ಪಡೆದವಳಿಗೆ ಈ ಸಂಗತಿ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದು ಪರೀಕ್ಷೆಯ ಉತ್ತರವಾಗಿ ಒಂದು ಕಡೆ ಇತ್ತು, ಕೈಯಲ್ಲಿ ಮೀಟರ್ ಹಿಡಿದಾಗ ಅದು ಕೈಗೆ ಬರಲಿಲ್ಲ. ನಮ್ಮ ಮಕ್ಕಳ ಕಲಿಕೆಯ ಬಗ್ಗೆ ನಾವು ಬರೆಯುವ ದೂರೂ ಇದೇ.

ಎರಡನೇ ಪರೀಕ್ಷೆ: ಹೊರೆಯೊಂದಿಗೆ

ಮರುದಿನ ವಾಹನಗಳ ಬಿಡಿಭಾಗದ ಅಂಗಡಿಯಿಂದ 12 ವೋಲ್ಟ್, 21 ವ್ಯಾಟಿನ ಮೂರು ಬಲ್ಬ್ ತಂದೆ. ಒಂದು ಬಲ್ಬ್ ಎಳೆದುಕೊಳ್ಳುವ ಪ್ರವಾಹ 21 ಭಾಗಿಸು 12, ಅಂದರೆ 1.75 ಆಂಪಿಯರ್. ಮೂರಕ್ಕೆ 5.25 ಆಂಪಿಯರ್, 63 ವ್ಯಾಟ್. ಬಲ್ಬ್ ಬೇಗ ಕಾಯುವುದರಿಂದ ಅವನ್ನು ನೆಲಹಾಸಿನ ಒಂದು ಟೈಲ್ ಮೇಲೆ ಹೋಲ್ಡರ್ ಸಮೇತ ಇಟ್ಟೆ. 12 ವೋಲ್ಟಿನ ಮೇಲೆ ಮಾತ್ರ ಹೊರೆ ಹಾಕಿ 5 ವೋಲ್ಟನ್ನು ಖಾಲಿ ಬಿಟ್ಟರೆ ಅನೇಕ ಹಳೆಯ ಘಟಕಗಳಲ್ಲಿ ಒಂದು ಇಳಿದು ಇನ್ನೊಂದು ಏರುತ್ತದೆ, ಅದು ದೋಷವಲ್ಲ. ಈ ಗೊಂದಲ ಕಡಿಮೆಯಾಗಲೆಂದು ಎರಡರಿಂದಲೂ ಪ್ರವಾಹ ಪಡೆಯುವ ಒಂದು ಹಳೆಯ ಹಾರ್ಡ್‌ಡಿಸ್ಕನ್ನೂ ಜೋಡಿಸಿದೆ. ಹೋಲಿಕೆಗೆಂದು ಸಹಪಾಠಿಯ ಮನೆಯಲ್ಲಿ ಬಿಡಿಯಾಗಿದ್ದ ಇನ್ನೊಂದು ಘಟಕವನ್ನು ಎರವಲು ತಂದೆ. ವಿಜ್ಞಾನದ ಪ್ರಯೋಗದಲ್ಲಿ ಹೋಲಿಕೆಯ ಮಾದರಿ ಬೇಕೆಂದು ನಾವೇ ಪಾಠ ಹೇಳುತ್ತೇವಲ್ಲ!

ನಾಲ್ಕು ಪಿನ್ನಿನ ಕನೆಕ್ಟರ್‌ನ ಹಳದಿ ತಂತಿಯಲ್ಲಿ ದೊರೆತ ಅಳತೆಗಳು ಇವು.

ಹೊರೆಯಿಲ್ಲದೆ: ನಮ್ಮ ಘಟಕ 12.11 ವೋಲ್ಟ್, ಎರವಲು ಘಟಕ 12.16 ವೋಲ್ಟ್.
ಹಾರ್ಡ್‌ಡಿಸ್ಕ್ ಮತ್ತು 1 ಬಲ್ಬ್: ನಮ್ಮದು 11.63, ಎರವಲು 12.05.
ಹಾರ್ಡ್‌ಡಿಸ್ಕ್ ಮತ್ತು 2 ಬಲ್ಬ್: ನಮ್ಮದು 11.18, ಎರವಲು 11.98.
ಹಾರ್ಡ್‌ಡಿಸ್ಕ್ ಮತ್ತು 3 ಬಲ್ಬ್: ನಮ್ಮದು 10.46, ಎರವಲು 11.92.

ಎರಡನೇ ಬಲ್ಬಿಗೇ ನಮ್ಮ ಘಟಕ 11.40ರ ಗೆರೆ ದಾಟಿ ಕೆಳಗಿಳಿದಿತ್ತು. ಮೂರನೆಯದಕ್ಕೆ ಕೆಲವು ಸೆಕೆಂಡು ತಡೆದು ತಾನಾಗಿ ಆರಿತು. ಹೊರಗಿನ ಚೀಟಿಯಲ್ಲಿ 450 ವ್ಯಾಟ್ ಎಂದಿದ್ದ ಘಟಕಕ್ಕೆ 63 ವ್ಯಾಟಿನ ಬಲ್ಬ್ ಭಾರವಾಗಿತ್ತು. ಕಂಪ್ಯೂಟರ್‌ನ ಪ್ರೊಸೆಸರ್ ತನ್ನ ವಿದ್ಯುತ್ತನ್ನು ಪಡೆಯುವುದು ಇದೇ 12 ವೋಲ್ಟಿನಿಂದ. ಕೆಲಸದ ನಡುವೆ ಆರಿಹೋಗುತ್ತಿದ್ದ ಕಾರಣ ಅಲ್ಲಿತ್ತು. ಕೊನೆಯ ಖಾತರಿಗಾಗಿ ಎರವಲು ಘಟಕವನ್ನೇ ತಂದೆಯ ಕಂಪ್ಯೂಟರ್‌ಗೆ ಜೋಡಿಸಿದೆವು. ಮೊದಲ ಒತ್ತಿಗೇ ಚಾಲೂ ಆಯಿತು, ಎರಡು ದಿನ ಸತತ ಕೆಲಸ ಮಾಡಿತು. 1,400 ರೂಪಾಯಿಗೆ ಹೊಸ ಘಟಕ ತಂದೆವು. ತಂದೆಗೆ ನನ್ನ ಮೊದಲ ಮಾತು ತಪ್ಪಾಗಿತ್ತೆಂದು ಹೇಳಿದೆ. ಅವರು, ‘ಮಕ್ಕಳಿಗೂ ಹೀಗೇ ಹೇಳ್ತೀಯಾ?’ ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಸೇರಿಸಬೇಕು. ಒಂದು, ಎಸ್‌ಎಂಪಿಎಸ್ ತನ್ನ ಹೊರಬರುವ ವಿಭವವನ್ನು ತಾನೇ ನೋಡಿಕೊಂಡು ಸರಿಪಡಿಸಿಕೊಳ್ಳುವ ಸಾಧನ. ಆದ್ದರಿಂದ ಒಣಕೋಶದಂತೆ ಇದಕ್ಕೂ ಆಂತರಿಕ ರೋಧದ ಲೆಕ್ಕ ಹಾಕಿ ಉತ್ತರ ಬರೆಸಬಾರದು. ಕೋಶ ಇಲ್ಲಿ ಹೋಲಿಕೆಗೆ ಮಾತ್ರ. ಎರಡು, ಮೀಟರ್ ತೋರಿಸುವುದು ಸರಾಸರಿಯನ್ನು. ಒಳಗಿನ ಧಾರಕಗಳು ಒಣಗಿದಾಗ ನೇರ ವಿದ್ಯುತ್ತಿನ ಮೇಲೆ ಸೂಕ್ಷ್ಮ ಅಲೆಗಳು ಕೂತಿರುತ್ತವೆ. 12 ವೋಲ್ಟಿನಲ್ಲಿ ಅದು 120 ಮಿಲಿವೋಲ್ಟ್ ಮೀರಬಾರದು. ಅದನ್ನು ಸರಿಯಾಗಿ ಕಾಣಲು ಆಸಿಲೋಸ್ಕೋಪ್ ಬೇಕು. ಅಂದರೆ ಮನೆಯ ಪರೀಕ್ಷೆಯಲ್ಲಿ ‘ಕೆಟ್ಟಿದೆ’ ಎಂದು ಖಚಿತವಾಗಿ ಹೇಳಬಹುದು, ‘ಚೆನ್ನಾಗಿದೆ’ ಎಂದು ಅಷ್ಟೇ ಖಚಿತವಾಗಿ ಹೇಳಲಾಗದು.

ಪರೀಕ್ಷೆಯ ನಡುವೆ ಡಬ್ಬಿಗೆ ಕೈ ತಾಗಿದಾಗ ಜುಮ್ಮೆಂದಿತು. ಘಟಕದ ಒಳಗೆ ಮುಖ್ಯ ತಂತಿಗಳಿಗೂ ಲೋಹದ ಡಬ್ಬಿಗೂ ನಡುವೆ ಸಣ್ಣ ಧಾರಕಗಳಿರುತ್ತವೆ. ಅವುಗಳ ಮೂಲಕ ಸೋರುವ ಅಲ್ಪ ಪ್ರವಾಹ ಭೂಸಂಪರ್ಕದ ತಂತಿಯಲ್ಲಿ ಇಳಿದುಹೋಗಬೇಕು. ಜುಮ್ಮೆನ್ನುತ್ತದೆಂದರೆ ಭೂಸಂಪರ್ಕ ಇಲ್ಲವೆಂದರ್ಥ. ಕೂಡಲೇ ಪ್ಲಗ್ ತೆಗೆದು ಎಲೆಕ್ಟ್ರಿಷಿಯನ್‌ರನ್ನು ಕರೆಸಿದೆವು. ಭೂಸಂಪರ್ಕದ ಗುಂಡಿಗೆ ಹೋಗುವ ತಂತಿ ಕಳಚಿತ್ತು. ಅದು ಸರಿಯಾದ ನಂತರವೇ ಉಳಿದ ಅಳತೆಗಳನ್ನು ಮಾಡಿದೆ.

ತರಗತಿಯಲ್ಲಿ

ಪಾಠಯೋಜನೆಯನ್ನು ಐದು ಹಂತಗಳ ಮಾದರಿಯಲ್ಲಿ ಮತ್ತೆ ಬರೆದೆ. ತರಗತಿಯಲ್ಲಿ 38 ಮಕ್ಕಳು. ದೋಷವಿದ್ದ ಘಟಕವನ್ನು ಶಾಲೆಗೆ ಒಯ್ಯಲಿಲ್ಲ. ಎರವಲು ಘಟಕ, ಬಲ್ಬ್, ಮೀಟರ್ ಮಾತ್ರ ಒಯ್ದೆ.

ತೊಡಗಿಸುವಿಕೆಗೆ ತಂದೆಯ ಕಂಪ್ಯೂಟರ್‌ನ ಕಥೆ ಸಾಕಾಯಿತು. ಅನ್ವೇಷಣೆಯ ಹಂತದಲ್ಲಿ ಮಕ್ಕಳು ಇಬ್ಬಿಬ್ಬರಾಗಿ ಬಂದು ನಾಲ್ಕು ಪಿನ್ನಿನ ಕನೆಕ್ಟರ್‌ನಲ್ಲಿ ಹಳದಿ ಮತ್ತು ಕೆಂಪು ತಂತಿಗಳ ವಿಭವಾಂತರ ಅಳೆದರು. ಅಳೆಯುವ ಮೊದಲು ಊಹೆ ಬರೆಯಬೇಕೆಂಬುದು ನಿಯಮ. ‘ಹಳದಿಗೂ ಕೆಂಪಿಗೂ ನಡುವೆ ಇಟ್ಟರೆ?’ ಎಂದು ಕೇಳಿದೆ. ಹೆಚ್ಚಿನವರು 17 ಎಂದು ಬರೆದಿದ್ದರು. ಮೀಟರ್ 7ರ ಹತ್ತಿರ ತೋರಿಸಿದಾಗ ವಿಭವಾಂತರ ಎಂಬ ಪದದಲ್ಲಿ ‘ಅಂತರ’ ಏಕಿದೆ ಎಂಬುದನ್ನು ನಾನು ವಿವರಿಸಬೇಕಾಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘12ರಲ್ಲಿ 5 ಕಳೀಬೇಕು ಮಿಸ್, ಎರಡೂ ಒಂದೇ ಕಡೆಯಿಂದ ಎತ್ತರ’ ಎಂದಳು. ಆ ಮಾತನ್ನು ಹಾಗೆಯೇ ಕಪ್ಪುಹಲಗೆಯಲ್ಲಿ ಬರೆದೆ.

ನಂತರ ಮನೆಯಲ್ಲಿ ದೊರೆತ ಅಳತೆಗಳ ಎರಡು ಸಾಲನ್ನು ‘ಅ’ ಮತ್ತು ‘ಆ’ ಎಂದಷ್ಟೇ ಹೆಸರಿಸಿ ಬರೆದು, ಯಾವುದು ರೋಗಿ ಎಂದು ಕೇಳಿದೆ. ಮೊದಲ ಸಾಲಿನ ಅಳತೆ ಮಾತ್ರ ತೋರಿಸಿದಾಗ ಯಾರಿಗೂ ಹೇಳಲಾಗಲಿಲ್ಲ. ಒಂದೊಂದೇ ಬಲ್ಬಿನ ಸಾಲು ತೆರೆದಂತೆ ಕೈಗಳು ಮೇಲೆದ್ದವು. ನಾನು ಮೊದಲ ಸಾಲು ನೋಡಿಯೇ ತೀರ್ಮಾನ ಹೇಳಿದ್ದೆ ಎಂದಾಗ ಜೋರಾಗಿ ನಕ್ಕರು.

ಅತ್ಯಂತ ಫಲಕಾರಿಯಾದದ್ದು ಒಬ್ಬ ಹುಡುಗನ ಪ್ರಶ್ನೆ. ‘ಡಬ್ಬಿ ಮೇಲೆ 450 ವ್ಯಾಟ್ ಅಂತಿದೆ, ಬಲ್ಬ್ 21 ವ್ಯಾಟ್. ಉಳಿದ 429 ವ್ಯಾಟ್ ಎಲ್ಲಿ ಹೋಯ್ತು ಮಿಸ್?’ ಈ ತಪ್ಪು ಕಲ್ಪನೆ ನನ್ನ ಯೋಜನೆಯಲ್ಲಿ ಇರಲೇ ಇಲ್ಲ. ಐದು ಸೇರು ಅಕ್ಕಿ ಬೇಯುವ ಪಾತ್ರೆ ಮನೆಯಲ್ಲಿದ್ದರೆ ದಿನಾ ಐದು ಸೇರು ಬೇಯಿಸುತ್ತೀರಾ ಎಂದು ಕೇಳಿದೆ. ‘ಮದುವೆಗೆ ಮಾತ್ರ’ ಎಂದ. ಡಬ್ಬಿಯ ಮೇಲಿನ ಸಂಖ್ಯೆ ಅದು ಎಷ್ಟು ಕೊಡಬಲ್ಲದು ಎಂಬುದರ ಗರಿಷ್ಠ ಮಿತಿ, ಎಷ್ಟು ಕೊಡುತ್ತಿದೆ ಎಂಬುದನ್ನು ಹೊರೆಯೇ ನಿರ್ಧರಿಸುತ್ತದೆ ಎಂಬಲ್ಲಿಗೆ ಚರ್ಚೆ ಬಂತು. ಬಲ್ಬಿನ ರೋಧದ ಲೆಕ್ಕ 12 ಭಾಗಿಸು 1.75, ಸುಮಾರು 6.9 ಓಮ್ ಎಂದು ಮಾಡಿ, ತಣ್ಣಗಿರುವ ಬಲ್ಬನ್ನು ಮೀಟರ್‌ನಲ್ಲಿ ಅಳೆದಾಗ ಒಂದು ಓಮ್‌ಗೂ ಕಡಿಮೆ ಬಂತು. ತಂತು ಕಾದಾಗ ರೋಧ ಹೆಚ್ಚುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಸಿಕ್ಕಿಲ್ಲ. ಬಲ್ಬುಗಳನ್ನು ಒಟ್ಟಿಗೆ ಹಾಕದೆ ಒಂದೊಂದಾಗಿ ಏಕೆ ಹಾಕಬೇಕೆಂಬುದಕ್ಕೂ ಅದೇ ಕಾರಣ.

ಮೌಲ್ಯಮಾಪನದಲ್ಲಿ ಕಂಡದ್ದು

ಮೌಲ್ಯಮಾಪನಕ್ಕಾಗಿ ‘ಇಂದು ನೋಡಿದ ಪ್ರಯೋಗದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂದಿದ್ದೆ. ಸಂಜೆ ಚಿತ್ರಗಳನ್ನು ನೋಡುತ್ತಾ ಕುಳಿತೆ. ಹೆಚ್ಚಿನವು ಚೆನ್ನಾಗಿದ್ದವು. ಐದು ಚಿತ್ರಗಳಲ್ಲಿ ಮಾತ್ರ ತಂತಿಯ ತುಂಡಿನ ಎರಡು ತುದಿ ಹೋಗಿದ್ದದ್ದು 24 ಪಿನ್ನಿನ ಕನೆಕ್ಟರ್‌ಗೆ ಅಲ್ಲ, ಗೋಡೆಯ ಮೂರು ರಂಧ್ರದ ಸಾಕೆಟ್‌ಗೆ. ಒಂದರ ಕೆಳಗೆ ಅಂದವಾದ ಅಕ್ಷರದಲ್ಲಿ ‘ತಂತಿ ಚುಚ್ಚಿದಾಗ ಫ್ಯಾನ್ ತಿರುಗುತ್ತದೆ’ ಎಂದು ಬರೆದಿತ್ತು.

ಆ ಹಾಳೆಯನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದೆ. ಮಕ್ಕಳು ಸುಳ್ಳು ಬರೆದಿರಲಿಲ್ಲ. ಹಿಂದಿನ ಬೆಂಚಿನಿಂದ ಅವರಿಗೆ ಕಂಡದ್ದು ಅಷ್ಟೇ. ಮಿಸ್ ಒಂದು ತಂತಿಯನ್ನು ಎರಡು ರಂಧ್ರಕ್ಕೆ ಚುಚ್ಚಿದರು, ಯಂತ್ರ ಓಡಿತು, ಮಿಸ್‌ಗೆ ಏನೂ ಆಗಲಿಲ್ಲ. ‘230 ವೋಲ್ಟ್ ಅಪಾಯಕಾರಿ’ ಎಂದು ನಾನು ಬಾಯಲ್ಲಿ ಹೇಳಿದ್ದೆ. ಕೈ ಹೇಳಿದ್ದು ಬೇರೆ. ಅವರಲ್ಲಿ ಒಬ್ಬರು ಮನೆಯಲ್ಲಿ ಅದನ್ನು ಮಾಡಿ ನೋಡಿದ್ದರೆ ನನ್ನ ಪಾಠದ ಅಂಕ, ವೀಕ್ಷಣಾ ವರದಿ ಯಾವುದಕ್ಕೂ ಅರ್ಥವಿರುತ್ತಿರಲಿಲ್ಲ.

ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಮಾರ್ಗದರ್ಶಕ ಉಪನ್ಯಾಸಕರಿಗೆ ಚಿತ್ರಗಳನ್ನು ತೋರಿಸಿದೆ. ಅವರು ಬೈಯಲಿಲ್ಲ. ಮೊದಲ ಅವಧಿಯನ್ನೇ ಕೇಳಿ ತೆಗೆದುಕೊಟ್ಟು, ‘ಐವರನ್ನು ನಿಲ್ಲಿಸಿ ಹೇಳಬೇಡಿ, ಎಲ್ಲರಿಗೂ ಮತ್ತೆ ಕಲಿಸಿ’ ಎಂದರು.

ಮರುಪಾಠ

ಕಪ್ಪುಹಲಗೆಯಲ್ಲಿ ಘಟಕದ ದೊಡ್ಡ ಚಿತ್ರ ಬರೆದು ನಡುವೆ ಕೆಂಪು ಸೀಮೆಸುಣ್ಣದ ಒಂದು ಗೆರೆ ಎಳೆದೆ. ಗೆರೆಯ ಎಡಕ್ಕೆ ಗೋಡೆ, ಪ್ಲಗ್ಗು, ಡಬ್ಬಿಯ ಒಳಭಾಗ. ಬಲಕ್ಕೆ ಬಣ್ಣದ ತಂತಿಗಳು. ಬಲಗಡೆ ಅತಿ ಹೆಚ್ಚೆಂದರೆ 12 ವೋಲ್ಟ್. ಎಡಗಡೆ 230, ಡಬ್ಬಿಯೊಳಗೆ 325. ಡಬ್ಬಿಯ ಧಾರಕಗಳಲ್ಲಿ ಪ್ಲಗ್ ತೆಗೆದ ನಂತರವೂ ವಿದ್ಯುತ್ ಉಳಿದಿರಬಹುದು. ಆದ್ದರಿಂದ ‘ಪ್ಲಗ್ ತೆಗೆದಿದ್ದೇನೆ’ ಎಂಬುದು ಡಬ್ಬಿ ಬಿಚ್ಚಲು ಅನುಮತಿಯಲ್ಲ. ತಂತಿ ಎಡಕ್ಕೆ ಎಂದೂ ಹೋಗಬಾರದು. ಪ್ರತಿ ಸಂಗತಿಯನ್ನೂ ಮಕ್ಕಳ ಬಾಯಿಂದಲೇ ಏಕೆ ಎಂದು ಹೇಳಿಸಿದೆ.

ಸಾಧನವನ್ನೂ ಬದಲಾಯಿಸಿದೆ. ತುಂಡು ತಂತಿಯ ಬದಲು 24 ಪಿನ್ನಿನ ವಿಸ್ತರಣಾ ಕೇಬಲ್ ಒಂದರಲ್ಲಿ ಹಸಿರು ಮತ್ತು ಕಪ್ಪು ತಂತಿಗೆ ಸಣ್ಣ ಸ್ವಿಚ್ ಬೆಸೆದು, ಬೆಸುಗೆಯ ಮೇಲೆ ಹೊದಿಕೆ ಹಾಕಿದೆ. ಈಗ ಘಟಕ ಚಾಲೂ ಆಗುವುದು ಸ್ವಿಚ್ ಒತ್ತಿದಾಗ. ರಂಧ್ರಕ್ಕೆ ತಂತಿ ಚುಚ್ಚುವ ದೃಶ್ಯವೇ ಪಾಠದಲ್ಲಿ ಇಲ್ಲ. ಇದಕ್ಕೆ ಹಿಡಿದ ಸಮಯ ಒಂದು ಗಂಟೆ. ಮೊದಲ ದಿನವೇ ಮಾಡಬಹುದಿತ್ತು.

ಕೊನೆಯಲ್ಲಿ ಮತ್ತೆ ಚಿತ್ರ ಬರೆಸಿದೆ. ಈ ಬಾರಿ 38ರಲ್ಲಿ ಒಂದರಲ್ಲೂ ತಂತಿ ಗೋಡೆಗೆ ಹೋಗಿರಲಿಲ್ಲ. ಹೆಚ್ಚಿನವರು ಕೆಂಪು ಗೆರೆಯನ್ನೂ ಎಳೆದಿದ್ದರು. ಮನೆಗೆಲಸವಾಗಿ, ಹಿರಿಯರ ಜೊತೆ ಮನೆಯ ಸಾಧನಗಳ ಚೀಟಿಗಳಲ್ಲಿನ ವೋಲ್ಟ್ ಮತ್ತು ವ್ಯಾಟ್ ನೋಡಿ ಬರೆದುಕೊಂಡು ಬರಲು ಹೇಳಿದೆ. ಯಾವ ತಂತಿಯನ್ನೂ ಮುಟ್ಟುವ ಅಗತ್ಯವಿಲ್ಲದ ಕೆಲಸ ಅದು.

ಸ್ವಾವಲೋಕನ ಮತ್ತು ಸಲಹೆಗಳು

ಈ ಪಾಠವನ್ನು ಕೈಗೊಳ್ಳಲು ಬಯಸುವ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸಲಹೆಗಳು:

- ಒಳ್ಳೆಯ ಸ್ಥಿತಿಯ ಘಟಕವನ್ನೇ ತರಗತಿಗೆ ಒಯ್ಯಿರಿ. ಶಾಲೆಯ ಸಾಕೆಟ್‌ನಲ್ಲಿ ಭೂಸಂಪರ್ಕವಿದೆಯೇ ಎಂದು ಬಲ್ಲವರಿಂದ ಮೊದಲೇ ಪರೀಕ್ಷಿಸಿ.
- ಎಲ್ಲ ಘಟಕಗಳಲ್ಲೂ ಬಣ್ಣದ ತಂತಿ ಇರುವುದಿಲ್ಲ. ಹೊಸ ಮಾದರಿಗಳಲ್ಲಿ ಎಲ್ಲವೂ ಕಪ್ಪಾಗಿರಬಹುದು, ಕೆಲವು ಸಿದ್ಧ ಕಂಪ್ಯೂಟರ್‌ಗಳಲ್ಲಿ ಪಿನ್ನುಗಳ ಕ್ರಮವೇ ಬೇರೆ ಇರಬಹುದು. ಚೀಟಿ ನೋಡದೆ, ಪಿನ್ ಎಣಿಸದೆ ಜೋಡಿಸಬೇಡಿ.
- ಬರಿ ತಂತಿಯನ್ನು ಬಳಸದೆ ಸ್ವಿಚ್ ಉಳ್ಳ ಕೇಬಲ್ ಸಿದ್ಧಪಡಿಸಿಕೊಳ್ಳಿ.
- ಹೊರೆಯಿಲ್ಲದ ಅಳತೆಯಿಂದ ತೀರ್ಮಾನಕ್ಕೆ ಬರಬೇಡಿ. ಮಕ್ಕಳಿಗೂ ಹೊರೆಯಿಲ್ಲದ ಅಳತೆಯನ್ನು ಮೊದಲು ತೋರಿಸಿ, ಅವರು ತಪ್ಪು ತೀರ್ಮಾನಕ್ಕೆ ಬರಲು ಅವಕಾಶ ಕೊಟ್ಟು, ನಂತರ ಹೊರೆ ಹಾಕಿ.
- ಮೌಲ್ಯಮಾಪನದಲ್ಲಿ ಪ್ರಶ್ನೋತ್ತರದ ಜೊತೆ ಚಿತ್ರವನ್ನೂ ಸೇರಿಸಿ. ನನ್ನ ಕಿರುಪರೀಕ್ಷೆಯಲ್ಲಿ ಆ ಐವರಲ್ಲಿ ನಾಲ್ವರು 10ಕ್ಕೆ 8ಕ್ಕಿಂತ ಹೆಚ್ಚು ಅಂಕ ಪಡೆದಿದ್ದರು.

ಕೊನೆಯ ಅಂಶವನ್ನು ಸ್ವಲ್ಪ ವಿವರಿಸಿ ಮುಗಿಸುತ್ತೇನೆ. ಕಿರುಪರೀಕ್ಷೆಯ ಅಂಕಗಳು ಹೊರೆಯಿಲ್ಲದ ಅಳತೆಯಂತಿದ್ದವು. ವ್ಯಾಖ್ಯೆ ಕೇಳಿದೆ, ವ್ಯಾಖ್ಯೆ ಬಂತು. ಸೂತ್ರ ಕೇಳಿದೆ, ಸೂತ್ರ ಬಂತು. ತಾವು ಕಂಡದ್ದನ್ನು ತಾವೇ ಜೋಡಿಸಿ ತೋರಿಸಬೇಕಾದಾಗ ಮಾತ್ರ ತಿಳಿವಳಿಕೆ ಎಲ್ಲಿ ಕುಸಿಯುತ್ತದೆ ಎಂಬುದು ಕಂಡಿತು. ಮನೆಯಲ್ಲಿ ನನ್ನ ವಿಷಯದಲ್ಲೂ ಆದದ್ದು ಅದೇ. ತಂದೆ ಕೇಳಿದ ಪ್ರಶ್ನೆಗೆ ಅಂದು ಉತ್ತರ ಕೊಟ್ಟಿರಲಿಲ್ಲ. ಮರುಪಾಠದ ದಿನ, ನಿನ್ನೆ ನಾನು ತೋರಿಸಿದ ರೀತಿ ತಪ್ಪಾಗಿತ್ತು ಎಂದು ಹೇಳಿಯೇ ತರಗತಿ ಆರಂಭಿಸಿದೆ. ಸಂಜೆ ಮನೆಗೆ ಹೋಗಿ ತಂದೆಗೂ ಅದನ್ನು ತಿಳಿಸಿದೆ.